ಸ್ಥಳೀಯ ಜ್ಞಾನ ಮತ್ತು ವಿಜ್ಞಾನಬೋಧನೆ: ಮಧುಗಿರಿ ಸೀಮೆಯನ್ನು ಕುರಿತು ಒಂದು ವಿಮರ್ಶೆ

ತುಮಕೂರು ಜಿಲ್ಲೆಯ ಉತ್ತರ ಮತ್ತು ಈಶಾನ್ಯ ಭಾಗಗಳಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ಆ ಜಿಲ್ಲೆಯ ಅಂಗಗಳೇ ಆಗಿದ್ದರೂ ಶಾಲಾಶಿಕ್ಷಣದ ಆಡಳಿತದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂಬ ಬೇರೊಂದು ಘಟಕವಾಗಿವೆ. ಈ ವಿಂಗಡಣೆಗೆ ಆಡಳಿತದ ಅನುಕೂಲವಲ್ಲದೆ ಭೂಗೋಳದ ಸಮರ್ಥನೆಯೂ ಇದೆಯೆನ್ನಬಹುದು. ಮಳೆ ಕಡಮೆ, ನೆಲದಡಿಯಲ್ಲಿ ಗಟ್ಟಿಯಾದ ಕಣಶಿಲೆ, ಜಯಮಂಗಲಿ, ಸುವರ್ಣಮುಖಿಗಳಂಥ ಹೊಳೆಗಳು ವರ್ಷದ ಬಹುಭಾಗ ಮರಳಿನ ಹಾಸುಗಳಾಗಿಯೇ ಇರುತ್ತವೆ. ಕೆರೆ, ಬಾವಿ, ತಲಪರಿಗೆ, ಈಚೆಗೆ ಕೊಳವೆಬಾವಿ—ಇವೇ ಇಲ್ಲಿಯ ಜನಜೀವನದ ಆಧಾರ.

ಇಂಥ ಸೀಮೆಯಲ್ಲಿ ವಿಜ್ಞಾನವನ್ನು ಹೇಗೆ ಕಲಿಸತಕ್ಕದ್ದು? ಸಮಸ್ಯೆಗಳನ್ನು ಬಿಡಿಸುವುದರ ಮೂಲಕ, ಮತ್ತು ಊರಿನ ಸಂಸ್ಕೃತಿಯಲ್ಲಿ ಈಗಾಗಲೇ ಇರುವ ತಿಳಿವಳಿಕೆಯ ಮೂಲಕ ಕಲಿಸಬೇಕೆಂಬುದು ಈಗ ಬಹುಮಂದಿ ಒಪ್ಪುವ ಮಾತು. ಶಾಲೆಯ ಜ್ಞಾನವನ್ನು ಶಾಲೆಯ ಹೊರಗಣ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಸ್ಪಷ್ಟವಾಗಿಯೇ ಹೇಳಿತು. ತತ್ತ್ವದಲ್ಲಿ ಇದಕ್ಕೆ ಆಕ್ಷೇಪವಿಲ್ಲ. ಆದರೆ ಆಚರಣೆಯಲ್ಲಿ ಈ ಎರಡು ಅಂಗಗಳು ಒಂದನ್ನೊಂದು ಸಂಧಿಸುವುದು ಅಪರೂಪ. ಸಮಸ್ಯೆಗಳು ಪಠ್ಯಪುಸ್ತಕದಿಂದ ಬರುತ್ತವೆ. ಊರಿನ ಜ್ಞಾನ ವಿಜ್ಞಾನಮೇಳದ ಮೇಜಿನ ಮೇಲೆ ಕುಳಿತಿರುತ್ತದೆ. ಊರಿನ ಜ್ಞಾನವನ್ನೇ ಒಂದು ಸಮಸ್ಯೆಯನ್ನಾಗಿ, ಎಂದರೆ ಪರೀಕ್ಷೆಗೆ ಒಳಗಾಗತಕ್ಕ ಒಂದು ಹೇಳಿಕೆಯನ್ನಾಗಿ, ಮಕ್ಕಳ ಮುಂದಿಡುವ ಕೆಲಸ ಆಗುತ್ತಿಲ್ಲ. ಈ ಕೊರತೆಯನ್ನು ಕೆಲವು ನಿದರ್ಶನಗಳ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಕನ್ನಡದಲ್ಲಿ ಒಂದು ಪೂರ್ವಚರಿತ್ರೆಯುಂಟು. ಇದೇ ಜಿಲ್ಲೆಯ ಬೆಳ್ಳಾವೆಯ ಹೆಸರನ್ನು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಮಧುಗಿರಿಗೆ ನೆರೆಯದಾದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿದರು. 1976ರ ಸಂವಿಧಾನ ತಿದ್ದುಪಡಿಯು ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಪ್ರತಿಯೊಬ್ಬ ಪೌರನ ಕರ್ತವ್ಯವೆಂದು ಸಾರಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪಿತವಾಯಿತು. ಈ ಪ್ರಯತ್ನಗಳ ಹಿರಿಮೆ ನಿರ್ವಿವಾದ. ಆದರೆ ಇವೆಲ್ಲದರಲ್ಲೂ ಜ್ಞಾನದ ಹರಿವು ಬಹುಮಟ್ಟಿಗೆ ಒಂದೇ ದಿಕ್ಕಿನದು: ಪಟ್ಟಣದಿಂದ ಹಳ್ಳಿಗೆ, ಗ್ರಂಥದಿಂದ ಮಗುವಿಗೆ. ಹಳ್ಳಿಯಲ್ಲಿ ಮೊದಲೇ ಇದ್ದ ತಿಳಿವಳಿಕೆಯನ್ನು ಏನು ಮಾಡಬೇಕೆಂಬ ಪ್ರಶ್ನೆ ಉಳಿದೇ ಬಂದಿತು.

ಈ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಬಗೆಯ ಉತ್ತರಗಳು ಕಾಣುತ್ತವೆ. ಮೊದಲನೆಯದು ಉಪೇಕ್ಷೆ: ಪಾಠ ಮುಗಿಸಬೇಕು, ಪರೀಕ್ಷೆ ಬರುತ್ತದೆ, ಊರಿನ ಮಾತಿಗೆ ವೇಳೆಯಿಲ್ಲ. ಎರಡನೆಯದು ಸ್ತುತಿ: ಹಿರಿಯರು ಹೇಳಿದ್ದೆಲ್ಲವೂ ವೈಜ್ಞಾನಿಕವೇ ಆಗಿತ್ತು, ನಾವು ಮರೆತಿದ್ದೇವೆ ಅಷ್ಟೆ. ಮೂರನೆಯದು ತಿರಸ್ಕಾರ: ಅದೆಲ್ಲವೂ ಮೌಢ್ಯ, ಅದನ್ನು ಅಳಿಸುವುದೇ ವಿಜ್ಞಾನದ ಕೆಲಸ. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಂಡರೂ ಈ ಮೂರರಲ್ಲಿ ಒಂದು ಸಾಮ್ಯವಿದೆ. ಮೂರೂ ಪರೀಕ್ಷಿಸುವ ಶ್ರಮವನ್ನು ತಪ್ಪಿಸಿಕೊಳ್ಳುತ್ತವೆ. ಹೊಗಳುವವನಿಗೂ ತೆಗಳುವವನಿಗೂ ಅಳತೆಗೋಲು ಬೇಕಾಗುವುದಿಲ್ಲ.

ಈಗ ಮೊದಲನೆಯ ನಿದರ್ಶನಕ್ಕೆ ಬರೋಣ. ಈ ಸೀಮೆಯ ಹೆಣ್ಣುಮಕ್ಕಳಿಗೆ ನೀರಿನ ಗುಣವನ್ನು ಅರಿಯುವ ಒಂದು ಸೂಕ್ಷ್ಮವಾದ ಕ್ರಮ ಗೊತ್ತು. ಯಾವ ಬಾವಿಯ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಯಾವುದರಲ್ಲಿ ಬೇಯದೆ ಸತಾಯಿಸುತ್ತದೆ, ಯಾವುದು ಸಿಹಿನೀರು, ಯಾವುದು ಉಪ್ಪುನೀರು ಎಂಬುದನ್ನು ಅವರು ಮನೆಮನೆಯಲ್ಲೂ ಬಲ್ಲರು. ಪಠ್ಯಪುಸ್ತಕ ಗಡಸು ನೀರು, ಮೆದು ನೀರು ಎಂದು ಹೇಳುವುದು ಇದನ್ನೇ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಲವಣಗಳು ಹೆಚ್ಚಾಗಿರುವ ನೀರಿನಲ್ಲಿ ಬೇಳೆ ಮೆತ್ತಗಾಗುವುದು ತಡ. ಸೋಪಿನ ನೊರೆಯೂ ಕಡಮೆ. ಅಡಿಗೆಯ ಮನೆಯ ಮಾತನ್ನೂ ಪಾಠದ ಮಾತನ್ನೂ ಜೋಡಿಸಿ ತೋರಿಸಿದ ಉಪಾಧ್ಯಾಯರು ಒಳ್ಳೆಯ ಪಾಠವನ್ನೇ ಮಾಡಿದ್ದಾರೆ. ಸ್ಥಳೀಯ ಜ್ಞಾನದ ಬಳಕೆಯೆಂದು ವರ್ಣಿತವಾಗುವ ಪಾಠಗಳು ಸಾಧಾರಣವಾಗಿ ಇಲ್ಲಿಗೇ ನಿಲ್ಲುತ್ತವೆ.

ಆದರೆ ನಿಜವಾದ ಸಮಸ್ಯೆ ಆರಂಭವಾಗುವುದು ಇಲ್ಲಿಂದ. ಪಾವಗಡ, ಮಧುಗಿರಿ, ಶಿರಾ ಭಾಗಗಳ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶ ಹೆಚ್ಚಾಗಿರುವುದು ಬಹುಕಾಲದಿಂದ ತಿಳಿದ ಸಂಗತಿ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹವಾದ ಮಿತಿ. ಬೇರೆ ನೀರು ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅವಕಾಶ. ಅದನ್ನು ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಕೀಲು, ಮೂಳೆಗಳು ಬಿಗಿಯುತ್ತವೆ. ಈ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನೀರಿನಲ್ಲಿ ಕಾಣುವ ಪ್ರಮಾಣದಲ್ಲಿ ರುಚಿಯೂ ಇಲ್ಲ. ನಾಲಗೆಯ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ. ಇದಕ್ಕಿಂತ ಗಮನಾರ್ಹವಾದ ಮತ್ತೊಂದು ಅಂಶವಿದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿದ್ದರೆ ಅದು ಫ್ಲೋರೈಡಿನೊಡನೆ ಸೇರಿ ಕರಗದ ಲವಣವಾಗುತ್ತದೆ. ಕ್ಯಾಲ್ಸಿಯಂ ಕಡಮೆಯಾಗಿ ಸೋಡಿಯಂ, ಬೈಕಾರ್ಬೊನೇಟುಗಳು ಹೆಚ್ಚಾಗಿರುವ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿ ಕರಗಿ ನಿಲ್ಲಬಲ್ಲದು. ಎಂದರೆ, ಬೇಳೆ ಚೆನ್ನಾಗಿ ಬೇಯುವ ನೀರೇ ಕೆಲವೆಡೆ ಹಲ್ಲು ಮೂಳೆಗಳಿಗೆ ಹೆಚ್ಚು ಕೇಡು ಮಾಡುವ ನೀರಾಗಿರಬಹುದು. ತಾಯಿಯ ಜ್ಞಾನ ಸುಳ್ಳಲ್ಲ. ಅವಳು ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರ. ಆದರೆ ಆ ಉತ್ತರವನ್ನು ಬೇರೊಂದು ಪ್ರಶ್ನೆಗೆ ಒಪ್ಪಿಸಿದಾಗ ಅನರ್ಥವಾಗುತ್ತದೆ. ಸ್ತುತಿಯಾಗಲಿ ತಿರಸ್ಕಾರವಾಗಲಿ ಈ ವಿವೇಕವನ್ನು ಕೊಡಲಾರದು.

ಇಲ್ಲಿ ಒಂದು ಸಮಸ್ಯಾಪಾಠ ಸಹಜವಾಗಿಯೇ ರೂಪುಗೊಳ್ಳುತ್ತದೆ. ಮಕ್ಕಳು ಊರಿನ ಐದಾರು ನೆಲೆಗಳ ನೀರನ್ನು ತರಲಿ. ಅದರ ಗುಣದ ಬಗ್ಗೆ ಮನೆಯವರ ಅಭಿಪ್ರಾಯವನ್ನು ಮೊದಲು ಬರೆದಿಡಲಿ. ಒಂದೇ ಅಳತೆಯ ಬೇಳೆ, ಒಂದೇ ಅಳತೆಯ ನೀರು, ಒಂದೇ ಉರಿ. ಬೇಯಲು ಹಿಡಿದ ಹೊತ್ತನ್ನು ಗುರುತು ಹಾಕಲಿ. ಬಳಿಕ ಫ್ಲೋರೈಡಿನ ಪರೀಕ್ಷೆ: ಜಿರ್ಕೋನಿಯಂ-ಅಲಿಜರಿನ್ ದ್ರಾವಣದ ಕೆಂಪು ಬಣ್ಣ ಫ್ಲೋರೈಡು ಹೆಚ್ಚಿದಂತೆ ಹಳದಿಗೆ ತಿರುಗುತ್ತದೆ, ಇದರ ಪೆಟ್ಟಿಗೆಗಳು ಶಾಲೆಗೆ ನಿಲುಕದ ವಸ್ತುಗಳೇನಲ್ಲ. ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟರೆ ಅವು ಹೊಂದುತ್ತವೆಯೋ ಇಲ್ಲವೋ ಎಂಬುದನ್ನು ಮಕ್ಕಳೇ ಕಾಣುತ್ತಾರೆ. ಕಾಯಿಸಿದ ನೀರು ನಿರಪಾಯವೆಂಬ ನಂಬಿಕೆಯನ್ನೂ ಇದೇ ಬಗೆಯಲ್ಲಿ ಲೆಕ್ಕಕ್ಕೆ ತರಬಹುದು. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಫ್ಲೋರೈಡು ಹೋಗುವುದಿಲ್ಲ. ಲೀಟರಿಗೆ 2 ಮಿಲಿಗ್ರಾಂ ಇರುವ 2 ಲೀಟರು ನೀರನ್ನು ಒಂದೂವರೆ ಲೀಟರಿಗೆ ಬತ್ತಿಸಿದರೆ ಅದು ಲೀಟರಿಗೆ ಸುಮಾರು 2.7 ಮಿಲಿಗ್ರಾಂ ಆಗುತ್ತದೆ.

ಈ ಪಾಠವನ್ನು ಯಾವ ತರಗತಿಯಲ್ಲಿ ಮಾಡಬೇಕೆಂಬುದೂ ವಿಚಾರಣೀಯ. ಫ್ಲೋರೈಡಿನಿಂದ ಹಲ್ಲು ಕೆಡುವುದು ಅದು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ, ಎಂದರೆ ಮುಖ್ಯವಾಗಿ ಮೊದಲ ಎಂಟು ವರ್ಷಗಳಲ್ಲಿ. ಪ್ರೌಢಶಾಲೆಯ ಪುಸ್ತಕದಲ್ಲಿ ಈ ವಿಷಯವನ್ನು ಓದುವ ಹೊತ್ತಿಗೆ ಆ ಮಗುವಿನ ಹಲ್ಲಿನ ಮಟ್ಟಿಗೆ ಕಾಲ ಮೀರಿರುತ್ತದೆ. ಮನೆಯಲ್ಲಿರುವ ತಮ್ಮ ತಂಗಿಯರ ಮಟ್ಟಿಗೆ ಮಾತ್ರ ಮೀರಿರುವುದಿಲ್ಲ. ಆದಕಾರಣ ಪಾಠ ಶಾಲೆಯಲ್ಲಿ ಮುಗಿಯದೆ ಮನೆಗೆ ಹೋಗಬೇಕು. ಮನೆಗೆ ಹೋಗಬೇಕಾದರೆ ಮನೆಯ ಮಾತಿನಿಂದಲೇ ಹೊರಟಿರಬೇಕು. ಸ್ಥಳೀಯ ಜ್ಞಾನವನ್ನು ಬೋಧನೆಯಲ್ಲಿ ತರುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಎರಡನೆಯ ನಿದರ್ಶನ ತಲಪರಿಗೆ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಬಳಕೆಯಲ್ಲಿದ್ದ ಈ ನೀರಿನ ನೆಲೆಗಳು ಕೆರೆಯ ಕೆಳಭಾಗದಲ್ಲೋ ಹೊಳೆಹಳ್ಳಗಳ ಅಂಚಿನಲ್ಲೋ ಮರಳು ಬೆರೆತ ಭೂಮಿಯಲ್ಲಿ ಕೆಲವೇ ಅಡಿಗಳ ಆಳದಲ್ಲಿ ಜಿನುಗುವ ಒರತೆಗಳು. ಊರಿನವರು ಸೇರಿ ಹೂಳು ತೆಗೆದು, ಕಾಲುವೆ ತಿದ್ದಿ, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸಿಕೊಳ್ಳುತ್ತಿದ್ದರು. ಹಲವು ತಲಪರಿಗೆಗಳು ಈಗ ಬತ್ತಿವೆ ಅಥವಾ ಮುಚ್ಚಿಹೋಗಿವೆ. ಇವನ್ನು ಕುರಿತು ಬರುವ ಬರೆವಣಿಗೆಯಲ್ಲಿ ಪೂರ್ವಿಕರ ಜಾಣ್ಮೆಯ ಪ್ರಶಂಸೆ ವಿಪುಲವಾಗಿರುತ್ತದೆ. ಆದರೆ ವಿದ್ಯಾರ್ಥಿಗೆ ಬೇಕಾದದ್ದು ಪ್ರಶಂಸೆಯಲ್ಲ, ಪ್ರಶ್ನೆ: ಇದು ಏಕೆ ಬತ್ತಿತು? ಮಳೆ ಕಡಮೆಯಾಯಿತೆಂದು ಒಬ್ಬರು, ಕೊಳವೆಬಾವಿಗಳು ಮೇಲಿನ ಪದರದ ನೀರನ್ನು ಎಳೆದುಕೊಂಡವೆಂದು ಇನ್ನೊಬ್ಬರು, ಹೊಳೆಯ ಮರಳು ತೆಗೆದದ್ದರಿಂದ ಎಂದು ಮತ್ತೊಬ್ಬರು, ಹೂಳು ತೆಗೆಯುವ ಒಗ್ಗಟ್ಟು ಹೋದದ್ದರಿಂದ ಎಂದು ಮಗದೊಬ್ಬರು ಹೇಳುತ್ತಾರೆ. ಇವು ನಾಲ್ಕು ಊಹೆಗಳು. ಪ್ರತಿಯೊಂದರಿಂದಲೂ ಬೇರೆ ಬೇರೆ ಫಲಿತಾಂಶವನ್ನು ನಿರೀಕ್ಷಿಸಬಹುದು. ಮಳೆಯೇ ಕಾರಣವಾದರೆ ತಾಲ್ಲೂಕಿನ ಮಳೆಮಾಪಕದ ಹಳೆಯ ಲೆಕ್ಕದಲ್ಲಿ ಇಳಿತ ಕಾಣಬೇಕು. ಕೊಳವೆಬಾವಿ ಕಾರಣವಾದರೆ ಅವು ಹೆಚ್ಚಿದ ವರ್ಷಗಳಿಗೂ ತಲಪರಿಗೆ ಬತ್ತಿದ ವರ್ಷಗಳಿಗೂ ಸಂಬಂಧ ತೋರಬೇಕು. ಕೊಳವೆಬಾವಿಗಳಿಲ್ಲದ ಕಡೆ ತಲಪರಿಗೆ ಉಳಿದಿರಬೇಕು. ಹೂಳೇ ಕಾರಣವಾದರೆ ಅದನ್ನು ತೆಗೆದಾಗ ನೀರು ಮರಳಬೇಕು. ಒಂದಕ್ಕಿಂತ ಹೆಚ್ಚು ಕಾರಣಗಳು ಸೇರಿರುವ ಸಂಭವವೂ ಉಂಟು. ತಲಪರಿಗೆಯ ನೀರು ಮೇಲುಪದರದ್ದಾಗಿ ಬಂಡೆಯೊಡನೆ ಬಹುಕಾಲ ನಿಲ್ಲದಿರುವುದರಿಂದ ಅದರಲ್ಲಿ ಫ್ಲೋರೈಡು ಕಡಮೆ ಇರಬಹುದೆಂಬುದೂ ಒಂದು ಊಹೆಯೇ. ಅದನ್ನೂ ಅಳೆದೇ ಒಪ್ಪತಕ್ಕದ್ದು.

ಮೂರನೆಯದು ಮಳೆನಕ್ಷತ್ರಗಳ ವಿಚಾರ. ಅಶ್ವಿನಿ, ಭರಣಿ ಮೊದಲಾಗಿ ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಸುಮಾರು ಹದಿಮೂರು ಹದಿನಾಲ್ಕು ದಿನ ಇರುವನೆಂಬ ಗಣನೆಯ ಮೇಲೆ ರೈತರ ಬಿತ್ತನೆಯ ಪಂಚಾಂಗ ನಿಂತಿದೆ. ಇದು ಮೌಢ್ಯವಲ್ಲ, ಸೌರಗಣನೆಯೇ ಎಂದು ಉಪಾಧ್ಯಾಯರು ಹೇಳಿದರೆ ಸರಿ. ಆದರೆ ಇಲ್ಲಿಯೂ ಇನ್ನೊಂದು ಹೆಜ್ಜೆ ಇಡಬೇಕು. ಅಯನಚಲನೆಯ ಕಾರಣದಿಂದ ನಕ್ಷತ್ರಗಣನೆಗೂ ಋತುಗಳಿಗೂ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ವ್ಯತ್ಯಾಸ ಬೀಳುತ್ತದೆ. ಸಾವಿರ ವರ್ಷಗಳಲ್ಲಿ ಇದು ಹೆಚ್ಚುಕಡಮೆ ಒಂದು ನಕ್ಷತ್ರದಷ್ಟಾಗುತ್ತದೆ. ಈಗ ಆರಿದ್ರೆ ಮಳೆ ಜೂನ್ 22ರ ಸುಮಾರಿಗೆ ಹುಟ್ಟುತ್ತದೆ. ಸಾವಿರ ವರ್ಷಗಳ ಹಿಂದಿನ ಆರಿದ್ರೆ ಋತುವಿನ ದೃಷ್ಟಿಯಿಂದ ಈಗಿನ ಮೃಗಶಿರೆಯ ಕಾಲಕ್ಕೆ ಸೇರಿತ್ತು. ಒಂದು ಮಳೆಯನ್ನು ಕುರಿತ ಗಾದೆ ನಿಜವಾಗಿಯೂ ಪ್ರಾಚೀನವಾಗಿದ್ದು ಮಾತು ಬದಲಾಗದೆ ಉಳಿದಿದ್ದರೆ ಅದು ಈಗ ತಪ್ಪಬೇಕು. ಈಗಲೂ ಸರಿಹೋಗುತ್ತಿದ್ದರೆ ಜನ ಅದನ್ನು ನಡುವೆ ತಿದ್ದಿಕೊಂಡಿರಬೇಕು. ಈ ಎರಡನೆಯದಕ್ಕೆ ಈ ಸೀಮೆಯಲ್ಲೇ ಒಂದು ಆಧಾರವಿದೆ. ಪಾವಗಡ, ಶಿರಾಗಳ ಮುಖ್ಯ ಬೆಳೆಯಾದ ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದದ್ದು. ಅದನ್ನು ಯಾವ ಮಳೆಯಲ್ಲಿ ಬಿತ್ತಬೇಕೆಂಬ ನಿಯಮ ಪುರಾತನವಾಗಿರಲಾರದು. ಕೆಲವು ತಲೆಮಾರುಗಳಲ್ಲಿ ರೈತರು ಬಿತ್ತಿ, ಸೋತು, ಗೆದ್ದು, ಕಂಡುಕೊಂಡದ್ದು. ಸ್ಥಳೀಯ ಜ್ಞಾನದ ಗೌರವ ಅದರ ಪ್ರಾಚೀನತೆಯಲ್ಲಿಲ್ಲ, ತಿದ್ದಿಕೊಳ್ಳುವ ಅದರ ಶಕ್ತಿಯಲ್ಲಿದೆ ಎಂಬುದಕ್ಕೆ ಇದು ಸಾಕ್ಷಿ.

ಇದೇ ಮಾತನ್ನು ಕಬ್ಬಿಣದ ವಿಷಯದಲ್ಲೂ ಹೇಳಬಹುದು. 1800ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಮಧುಗಿರಿ ಮತ್ತು ಚೆನ್ನರಾಯನದುರ್ಗದ ಕಡೆ ಮಳೆಗಾಲದ ತೊರೆಗಳು ಬಂಡೆಗಳಿಂದ ತಂದೊಡ್ಡುವ ಕರಿಯ ಮರಳಿನಿಂದ ಕಬ್ಬಿಣವನ್ನು ತೆಗೆಯುತ್ತಿದ್ದುದನ್ನು ವರ್ಣಿಸಿದ್ದಾನೆ. ಆ ಕುಲುಮೆಗಳು ಈಗಿಲ್ಲ; ಕರಿಯ ಮರಳು ಈಗಲೂ ಹಳ್ಳಗಳಲ್ಲಿ ಸಿಕ್ಕುತ್ತದೆ. ಒಂದು ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಅದರ ಮೇಲೆ ಆಡಿಸಿದರೆ ಕಣಗಳು ಅಂಟಿಕೊಳ್ಳುತ್ತವೆ. ಅವು ಏಕೆ ಹಳ್ಳದ ತಿರುವಿನಲ್ಲೇ ಹೆಚ್ಚಾಗಿ ನಿಲ್ಲುತ್ತವೆ, ಹಗುರವಾದ ಮರಳು ಏಕೆ ಮುಂದೆ ಹೋಗುತ್ತದೆ ಎಂಬ ಪ್ರಶ್ನೆಗಳಿಂದ ಸಾಂದ್ರತೆಯ ಪಾಠವೂ ಅದಿರಿನ ಪಾಠವೂ ಹುಟ್ಟುತ್ತವೆ. ಸ್ಥಳೀಯವೆಂದರೆ ಹಳೆಯದೇ ಆಗಬೇಕೆಂಬ ನಿಯಮವೂ ಇಲ್ಲ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರ ನಿಂತಿದೆ. ಒಂದು ಮೆಗಾವಾಟಿಗೆ ಎಷ್ಟು ನೆಲ, ಆ ನೆಲ ಒಳ್ಳೆಯ ಮಳೆಯ ವರ್ಷದಲ್ಲೂ ಕೆಟ್ಟ ಮಳೆಯ ವರ್ಷದಲ್ಲೂ ಎಷ್ಟು ಕಡಲೆಕಾಯಿ ಕೊಡುತ್ತಿತ್ತು ಎಂಬ ಲೆಕ್ಕವನ್ನು ಅಲ್ಲಿಯ ಮಕ್ಕಳಿಗಿಂತ ಚೆನ್ನಾಗಿ ಯಾರು ಮಾಡಬಲ್ಲರು?

ಹೀಗೆಂದಮಾತ್ರಕ್ಕೆ ಸಂಸ್ಕೃತಿಯಲ್ಲಿರುವುದೆಲ್ಲವೂ ನೀರಿನ ರುಚಿಯಂತೆ ನಿರುಪದ್ರವಿಯೆಂದು ಭಾವಿಸಲಾಗದು. ಈ ಸೀಮೆಯ ಕಾಡುಗೊಲ್ಲರು ಜುಂಜಪ್ಪನ ಮಹಾಕಾವ್ಯವನ್ನು ಬಾಯಲ್ಲಿ ಉಳಿಸಿಕೊಂಡು ಬಂದವರು. ದನಕುರಿಗಳನ್ನು ಕುರಿತ ಅವರ ತಿಳಿವಳಿಕೆ ಅಪಾರ. ಅದೇ ಸಮುದಾಯದ ಕೆಲವು ಹಟ್ಟಿಗಳಲ್ಲಿ ಬಾಣಂತಿಯನ್ನೂ ಮುಟ್ಟಾದವಳನ್ನೂ ಹಟ್ಟಿಯ ಹೊರಗಿರಿಸುವ ಸೂತಕದ ಆಚರಣೆಯೂ ಉಂಟು. 2023ರಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹೀಗೆ ಹೊರಗಿನ ಗುಡಿಸಲಿನಲ್ಲಿರಿಸಿದ್ದ ಹಸುಗೂಸು ಮಳೆಚಳಿಯಲ್ಲಿ ತೀರಿಕೊಂಡಿತು. ಇಂಥ ಬಲವಂತವನ್ನು ನಿಷೇಧಿಸುವ ರಾಜ್ಯದ ಅಧಿನಿಯಮ 2017ರಲ್ಲಿ ಅಂಗೀಕೃತವಾಗಿ 2020ರಲ್ಲಿ ಜಾರಿಗೆ ಬಂದಿತ್ತು. ಕಾನೂನು ತನ್ನ ಕೆಲಸ ಮಾಡಲಿ. ಉಪಾಧ್ಯಾಯನ ಕೆಲಸ ಬೇರೆ. ಒಂದು ಚಿಕ್ಕ ತಂಬಿಗೆಯಲ್ಲೂ ಒಂದು ದೊಡ್ಡ ಕೊಡದಲ್ಲೂ ಒಂದೇ ಬಿಸಿಯ ನೀರನ್ನು ತುಂಬಿ ಅರ್ಧಗಂಟೆಯ ಮೇಲೆ ಉಷ್ಣಮಾಪಕವಿಟ್ಟು ನೋಡಿದರೆ ಚಿಕ್ಕದು ಬೇಗ ಆರಿರುತ್ತದೆ. ಮೈಯ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚಾಗಿರುವ ಎಳೆಗೂಸು ಚಳಿಯನ್ನು ತಾಳಲಾರದು ಎಂಬುದು ಈ ಪ್ರಯೋಗದಿಂದ ಹೊರಡುತ್ತದೆ. ಯಾರನ್ನೂ ಹೀಯಾಳಿಸದೆ ಇಷ್ಟನ್ನು ಕಲಿಸಬಹುದು. ಆದರೆ ಇಂಥ ಪ್ರಶ್ನೆಯನ್ನು ಎತ್ತದೆ ಜುಂಜಪ್ಪನ ಹಾಡನ್ನು ಮಾತ್ರ ಶಾಲೆಯ ವಾರ್ಷಿಕೋತ್ಸವಕ್ಕೆ ಕರೆಯುವುದು ಆ ಸಮುದಾಯದ ಹೆಣ್ಣುಮಕ್ಕಳಿಗೆ ಮಾಡುವ ಉಪಕಾರವಲ್ಲ.

ಸ್ಥಳೀಯ ಜ್ಞಾನವೆನ್ನುವಾಗ ಯಾರ ಜ್ಞಾನವೆಂಬುದನ್ನೂ ಕೇಳಬೇಕು. ತೂಬಿನ ನೀರನ್ನು ಅಳೆದು ಬಿಡುತ್ತಿದ್ದ ನೀರುಗಂಟಿ, ಬಾವಿ ತೋಡುತ್ತಿದ್ದ ಭೋವಿ, ಅಡಿಗೆಯ ಮನೆಯ ಹೆಂಗಸು—ಇವರ ತಿಳಿವಳಿಕೆ ಶಾಸನಗಳಲ್ಲಿ ಕಾಣುವುದು ವಿರಳ. ಊರಿನ ನೀರಿನ ನೆಲೆಗಳು ಎಲ್ಲ ಜಾತಿಯವರಿಗೂ ಸಮಾನವಾಗಿ ತೆರೆದಿರಲಿಲ್ಲವೆಂಬುದು ನಮ್ಮ ಸಾಮಾಜಿಕ ಇತಿಹಾಸವನ್ನು ಬಲ್ಲವರಿಗೆ ಹೊಸದಲ್ಲ. ಭಾಷೆಯ ತೊಡಕೂ ಇದೆ. ಬಹುತೇಕ ಎಲ್ಲ ಕಡೆಯಿಂದಲೂ ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡದಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು. ನೀರಿಗೂ ಮಣ್ಣಿಗೂ ಅವರ ಮನೆಯಲ್ಲಿರುವ ಮಾತುಗಳನ್ನು ಕನ್ನಡದ ಪಾಠಕ್ಕೆ ತರುವುದಕ್ಕೆ ಉಪಾಧ್ಯಾಯನು ಮನಸ್ಸು ಮಾಡದಿದ್ದರೆ ಅವರ ಸ್ಥಳೀಯ ಜ್ಞಾನ ಬಾಗಿಲಿನ ಹೊರಗೇ ಉಳಿಯುತ್ತದೆ.

ಇದೆಲ್ಲಕ್ಕೆ ವೇಳೆಯೆಲ್ಲಿ, ಪರೀಕ್ಷೆಯಲ್ಲಿ ಇದನ್ನು ಕೇಳುವರೇ ಎಂಬ ಆಕ್ಷೇಪ ಸಹಜವಾದದ್ದು. ಇದನ್ನು ಲಘುವಾಗಿ ಕಾಣಬಾರದು. ಮಧ್ಯಪ್ರದೇಶದ ಹೋಷಂಗಾಬಾದಿನಲ್ಲಿ 1972ರಲ್ಲಿ ಹದಿನಾರು ಶಾಲೆಗಳಲ್ಲಿ ಆರಂಭವಾದ ವಿಜ್ಞಾನಬೋಧನೆಯ ಕಾರ್ಯಕ್ರಮ, ಪ್ರಯೋಗವನ್ನೇ ಪಾಠವನ್ನಾಗಿ ಮಾಡಿದ್ದಲ್ಲದೆ ಪುಸ್ತಕವನ್ನು ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆಯನ್ನೂ ಜಾರಿಗೆ ತಂದಿತು. ಮೂವತ್ತು ವರ್ಷ ನಡೆದು 2002ರಲ್ಲಿ ಸರ್ಕಾರದ ತೀರ್ಮಾನದಿಂದ ನಿಂತಿತು. ಬೋಧನೆಯ ಕ್ರಮ ಬದಲಾಗಬೇಕಾದರೆ ಪರೀಕ್ಷೆಯ ಕ್ರಮವೂ ಬದಲಾಗಬೇಕೆಂಬುದು, ಮತ್ತು ಅಷ್ಟಾದರೂ ಆಡಳಿತದ ಬೆಂಬಲವಿಲ್ಲದೆ ಅದು ಉಳಿಯದೆಂಬುದು ಈ ಚರಿತ್ರೆಯಿಂದ ತಿಳಿಯುತ್ತದೆ. ಆದರೆ ಪಠ್ಯಕ್ರಮ ಬದಲಾಗುವವರೆಗೆ ಕೈಕಟ್ಟಿ ಕುಳಿತಿರಬೇಕೆಂದು ಅದರಿಂದ ಸಿದ್ಧವಾಗುವುದಿಲ್ಲ. ಗಡಸು ನೀರಿನ ಪಾಠ, ಉಷ್ಣದ ಪಾಠ, ಸಾಂದ್ರತೆಯ ಪಾಠಗಳು ಹೇಗೂ ಪುಸ್ತಕದಲ್ಲಿವೆ. ಬದಲಾಗಬೇಕಾದದ್ದು ಅವನ್ನು ಆರಂಭಿಸುವ ಪ್ರಶ್ನೆ.

ಕೊನೆಯದಾಗಿ, ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ವಿಜ್ಞಾನದ ಬೋಧನೆಯನ್ನು ಕುರಿತು ಬರೆಯುವುದು ಅಪ್ರಕೃತವೆಂದು ಕೆಲವರಿಗೆ ತೋರಬಹುದು. ಹಾಗೇನೂ ಇಲ್ಲ. ಒಂದು ಶಾಸನವಾಗಲಿ ಪ್ರವಾಸಿಯ ವರದಿಯಾಗಲಿ ಕೈಗೆ ಬಂದಾಗ ನಾವು ಅದನ್ನು ಪೂಜಿಸುವುದೂ ಇಲ್ಲ, ಎಸೆಯುವುದೂ ಇಲ್ಲ. ಯಾರು ಹೇಳಿದರು, ಯಾವಾಗ ಹೇಳಿದರು, ಅವರಿಗೆ ತಿಳಿಯುವ ಅವಕಾಶವಿತ್ತೇ, ಬೇರೆ ಸಾಕ್ಷ್ಯದೊಡನೆ ಅದು ಹೊಂದುತ್ತದೆಯೇ ಎಂದು ವಿಚಾರಿಸುತ್ತೇವೆ. ಬೇಳೆ ಬೇಯುವ ನೀರಿನ ಮಾತಿಗೂ ತಲಪರಿಗೆಯ ಮಾತಿಗೂ ಸಲ್ಲಬೇಕಾದದ್ದು ಇದೇ ಮರ್ಯಾದೆ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಈ ನಾಲ್ಕು ತಾಲ್ಲೂಕುಗಳಿಂದಲೇ ಬಂದವರು. ತಮ್ಮ ಊರಿನ ಒಂದೊಂದು ತಲಪರಿಗೆಯ ವೃತ್ತಾಂತವನ್ನು, ಎಂದಿನವರೆಗೆ ನೀರಿತ್ತು, ಯಾರು ಹೂಳು ತೆಗೆಯುತ್ತಿದ್ದರು, ಯಾರಿಗೆ ಸರದಿ ಇರಲಿಲ್ಲ, ಮೊದಲ ಕೊಳವೆಬಾವಿ ಯಾವ ವರ್ಷ ಬಂದಿತು ಎಂಬಿಷ್ಟನ್ನು, ಬಲ್ಲ ಹಿರಿಯರು ಇರುವಾಗಲೇ ಬರೆದುಕೊಂಡರೆ, ವಿಜ್ಞಾನದ ಉಪಾಧ್ಯಾಯರಿಗೆ ಅದರಿಂದ ಮಳೆಮಾಪಕದ ಲೆಕ್ಕದೊಡನೆ ಹೋಲಿಸತಕ್ಕ ಸಾಮಗ್ರಿ ದೊರೆಯುತ್ತದೆ. ಎರಡು ವಿಭಾಗಗಳೂ ಕೂಡಿ ಈ ಕೆಲಸವನ್ನು ಕೈಗೊಳ್ಳುವುದು ಸಾಧ್ಯವೂ ಹೌದು, ಅವಶ್ಯವೂ ಹೌದು.